ಚೌಡಪ್ಪನ ಏಣಿ ನಮ್ಮದಾದದ್ದು

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಸಂಜೆ ಐದು ಗಂಟೆಗೆ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ಆಮೇಲೂ ಏಳದೆ ಕೂತೇ ಇರುತ್ತಾರೆ. ಮಾತಿಗೆ ಮಾತು ಬೆಳೆಸುತ್ತಾರೆ, ಇನ್ನೊಂದು ಲೋಟ ನೀರು ಕೇಳುತ್ತಾರೆ. ದೀಪ ಹಚ್ಚುವ ಹೊತ್ತಾಗಲಿ ಎಂದು ಕಾಯುವುದು ಅದು. ಹೊತ್ತಾಯಿತೋ, ಪಕ್ಕದ ಮನೆಯಿಂದ ತಂದ ಕುರ್ಚಿಗಳು ಎದ್ದು ಟಕಟಕ ಹೊಸಿಲು ದಾಟಿ ಹೊರಟವು. ಅವುಗಳ ಹಿಂದೆ ಬೆಳ್ಳಿ ತಟ್ಟೆ, ತಟ್ಟೆಯ ಹಿಂದೆ ಗೋಡೆಗಡಿಯಾರ. ಹುಡುಗಿಯ ಕತ್ತಿನಲ್ಲಿರುವುದು ಚಿಕ್ಕಮ್ಮನ ಸರವಾದರೆ ಅದೂ ಕೊಂಡಿ ಬಿಚ್ಚಿಕೊಂಡು ಇಳಿದುಬಿಡುತ್ತದೆ. ಕೊನೆಗೆ ಉಳಿದದ್ದೇನೋ ಅದೇ ಆ ಮನೆಯ ಅಂತಸ್ತು. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ ಕೂತಿದ್ದ ಕುರ್ಚಿಯೇ ಎದ್ದು ಹೋಯಿತು. ಪಾಪ, ತಟ್ಟೆಯಲ್ಲಿದ್ದ ಎಲೆ ಅಡಿಕೆ ಸಮೇತ ನೆಲಕ್ಕೆ ಬಿದ್ದರು. ಹುಡುಗ ಬಾಯಿಗೆ ಕರ್ಚೀಫು ಒತ್ತಿಕೊಂಡು ನಕ್ಕ. ಆ ನಗು ನೋಡಿಯೇ ನಾನು ಒಪ್ಪಿದ್ದು.

ಹೀಗೇಕೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಮೇಯಲು ಹೋದ ಎಮ್ಮೆ ಸಂಜೆಗೆ ಮನೆ ಹುಡುಕಿಕೊಂಡು ಬರುವುದಿಲ್ಲವೇ? ನಮ್ಮೂರಿನಲ್ಲಿ ವಸ್ತುಗಳು ಬರುತ್ತವೆ, ಅಷ್ಟೇ. ಯಾರದು ಯಾರ ಮನೆಯಲ್ಲೇ ಇರಲಿ, ದೀಪದ ಹೊತ್ತಿಗೆ ತನ್ನ ಮನೆ ಸೇರುತ್ತದೆ. ಅದಕ್ಕೇ ನಮ್ಮ ಬಾಗಿಲುಗಳ ಕೆಳಗೆ ಕೋಳಿ ನುಸುಳುವಷ್ಟು ಸಂದು ಬಿಟ್ಟಿರುತ್ತೇವೆ. ಆ ಹೊತ್ತಿನಲ್ಲಿ ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ಹಗ್ಗ ಹಾವಿನ ಹಾಗೆ ಹರಿದುಕೊಂಡು ಹೋದರೆ ನಾಯಿಗಳು ಬೊಗಳುತ್ತವೆ, ಮಿಕ್ಕಿದ್ದಕ್ಕೆ ತಲೆ ಎತ್ತುವುದಿಲ್ಲ. ಅಂಗಡಿಯವನು ಕೊಡ ಮಾರಿದರೆ ಅದರ ಮೇಲೆ ಕೈಯಿಟ್ಟು “ಇನ್ನಿದು ನಿಮ್ದು” ಎನ್ನಬೇಕು. ಚೌಕಾಸಿಗೆ ಮನಸ್ಸು ಹುಳಿ ಮಾಡಿಕೊಂಡು ಹೇಳಿದನೋ, ಸಂಜೆಗೆ ಕೊಡ ಮತ್ತೆ ಅಂಗಡಿಯಲ್ಲಿ. ಕಳ್ಳರಂತೂ ಇಲ್ಲವೇ ಇಲ್ಲ. ಬೀಗ ರಿಪೇರಿ ಎಂದು ಬೋರ್ಡು ಹಾಕಿಕೊಂಡು ನಮ್ಮೂರಿಗೆ ಬಂದು ನೆಲೆಸಿದ ಪುಣ್ಯಾತ್ಮ ರಜಾಕ್ ಸಾಬರ ತಂದೆ. ಮಗ ಪಾಪ ಸ್ಟೌವು, ಪಂಪು ರಿಪೇರಿ ಮಾಡಿಕೊಂಡು ಬದುಕುತ್ತಿದ್ದಾರೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ನಮ್ಮಲ್ಲಿ ತಿರುಗಾಮುರುಗಾ ಆಗಿತ್ತು. ಕೊಟ್ಟವನು ಈರಭದ್ರನ ಹಾಗೆ ಜಗುಲಿ ಮೇಲೆ ಮೀಸೆ ತಿರುವುತ್ತಾ ಕೂತಿರುತ್ತಿದ್ದ. ಇಸ್ಕೊಂಡವನು ಏಣಿ ಹೊರಟುಹೋಗಿ, ಸೂರಿನ ತೊಲೆಗೆ ಕೋಡಂಗಿಯ ಹಾಗೆ ಜೋತುಬಿದ್ದಿರುತ್ತಿದ್ದ. ಹೀಗಾಗಿ ಹೆಣ್ಣು ನೋಡುವ ದಿನವೊಂದು ಬಿಟ್ಟರೆ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೇಳುವುದೆಂದರೆ ನಾಚಿಕೆ. ಪ್ರತಿ ಮನೆಗೂ ಅದರದೇ ಹಾರೆ, ಅದರದೇ ಗರಗಸ, ವರ್ಷಕ್ಕೊಮ್ಮೆ ಕೈಗೆ ಬರುವ ಸಾಮಾನು ಮೂಲೆಯಲ್ಲಿ ತುಕ್ಕು ಹಿಡಿದು ಕೂತಿರುತ್ತಿತ್ತು.

ನನ್ನ ಹೆಸರು ಸರ್ವಮಂಗಳ. ಬಸ್ಸು ನಿಲ್ಲುವ ಜಾಗದ ಎದುರಿಗೆ ಹಿಟ್ಟಿನ ಗಿರಣಿ ನಡೆಸುತ್ತೇನೆ. ಬಾಯಿ ಜೋರು ಅನ್ನುತ್ತಾರೆ. ಗಿರಣಿ ಸದ್ದಿನ ಮೇಲೆ ಮಾತಾಡಿ ಮಾತಾಡಿ ಇನ್ನೇನಾಗುತ್ತದೆ?

ಒಂದು ದಿನ ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬಳು ಇಳಿದಳು. ಮೂವತ್ತರ ಆಸುಪಾಸು. ಒಂದು ಟ್ರಂಕು, ಸುತ್ತಿದ ಹಾಸಿಗೆ, ಪಾತ್ರೆ ತುಂಬಿದ ಚೀಲ. ಗಿರಣಿಯ ಜಗುಲಿ ಮೇಲೆ ಕೂತವಳು ಕೂತೇ ಇದ್ದಳು. ಯಾರನ್ನೋ ಕಾಯುತ್ತಿರಬೇಕೆಂದು ನಾನೂ ಸುಮ್ಮನಿದ್ದೆ. ದೀಪದ ಹೊತ್ತಾಯಿತು. ಟ್ರಂಕು ಒಮ್ಮೆ ಅಲುಗಾಡಿ ಮೆಟ್ಟಿಲಿಳಿಯಿತು. ಹಾಸಿಗೆ ಉರುಳುತ್ತಾ ಅದರ ಹಿಂದೆ ಹೋಯಿತು. ಚೀಲ ಬಾಯಿ ಬಿಚ್ಚಿತು, ತಪ್ಪಲೆ, ಸೌಟು, ಲೋಟ ಎಲ್ಲ ಸಾಲಾಗಿ ಬಸ್ಸು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದವು. ಅವಳಿಗೆ ಉಳಿದದ್ದು ಮೈಮೇಲಿನ ಸೀರೆ, ಕೈಯಲ್ಲಿನ ಬಸ್ ಟಿಕೆಟ್ಟು. ನನ್ನ ಗಿರಣಿಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣು ಮುಚ್ಚಿ ನಿಂತುಬಿಟ್ಟಳು.

“ಏನಮ್ಮ ಇದು? ಸಾಮಾನೆಲ್ಲ ಹೋಗ್ತಾ ಇದ್ರೆ ಕಂಬ ತಬ್ಕೊಂಡು ನಿಂತಿದೀಯಲ್ಲ” ಎಂದೆ.

“ಹೋಗ್ಲಿ ಅಕ್ಕ, ಅವು ಆ ಮನೇವೇ. ಇಲ್ಲಿ ಯಾರ್ದು ಅವ್ರ ಮನೆಗೆ ಹೋಗತ್ತೆ ಅಂತ ಕಂಡಕ್ಟರ್ ಹೇಳ್ದ. ನಾನೂ ಹೋಗ್ಬಿಡ್ತೀನೇನೋ ಅಂತ ಹಿಡ್ಕೊಂಡಿದೀನಿ.”

“ಹುಚ್ಚಿ! ಮನುಷ್ಯರೇನು ವಸ್ತುವಾ?”

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. “ಅಲ್ವಾ ಅಕ್ಕ? ನನ್ನ ಆ ಮನೆಗೆ ಕೊಟ್ಟಿದ್ರು. ಅಲ್ಲಿ ಇರಕ್ಕಾಗಲ್ಲ ಅಂತ ತೌರಿಗೆ ಬಂದ್ರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತ ನಮ್ಮಪ್ಪ ಬಾಗಿಲು ಹಾಕ್ಕೊಂಡ್ರು. ಕೊಟ್ಟಿದ್ದು ಅಂದ್ಮೇಲೆ ನಾನು ಅವ್ರದ್ದೇ ಅಲ್ವಾ?”

ಅವಳು ನಿಜವಾಗಿಯೂ ಕೇಳುತ್ತಿದ್ದಳು. “ಒಳಗೆ ಬಾ, ಮುದ್ದೆ ತಿನ್ನು” ಎಂದೆ. ಅವಳ ಹೆಸರು ವನಮಾಲ.

ಮಾರನೆಯ ದಿನದಿಂದ ಗಿರಣಿಯಲ್ಲಿ ಕೆಲಸಕ್ಕೆ ನಿಂತಳು. ಕಾಳು ಹಸನು ಮಾಡುವುದು, ಜರಡಿ ಹಿಡಿಯುವುದು, ಗಿರಾಕಿಯ ಡಬ್ಬ ತುಂಬುವುದು. ರಾತ್ರಿ ಗಿರಣಿ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ದೀಪದ ಹೊತ್ತು ಬಂದರೆ ಮಾತ್ರ ಏನೇ ಕೆಲಸವಿರಲಿ ಬಿಟ್ಟು ಕಂಬ ತಬ್ಬುವಳು. ತಿಂಗಳು ಕಳೆದರೂ ಅದು ತಪ್ಪಲಿಲ್ಲ. ಗಿರಾಕಿಗಳಿಗೂ ರೂಢಿಯಾಯಿತು. ಆ ಹೊತ್ತಿಗೆ ಬಂದವರು ಅವಳು ಕಂಬ ಬಿಡುವವರೆಗೆ ಡಬ್ಬ ಕೆಳಗಿಟ್ಟು ಕಾಯುತ್ತಿದ್ದರು.

ಗಿರಣಿಯ ಹಿಂದೆ ಹಳೆಯ ಸುಂಕದ ಮನೆ ಇದೆ. ಎತ್ತರದ ಗೋಡೆ, ಒಂದೇ ಅಂಕಣ, ಸೂರು ಕುಸಿದು ಆಕಾಶ ಕಾಣುತ್ತಿತ್ತು. ಆ ವರ್ಷ ಊರಿನ ಹಿರಿಯರು ಕೂತು ತೀರ್ಮಾನ ಮಾಡಿದ್ದರು. ಮೊದಲ ಮಳೆಯೊಳಗೆ ಯಾರು ಅದಕ್ಕೆ ಸೂರು ಹೊದಿಸುತ್ತಾರೋ ಮನೆ ಅವರದು. ಯಾರೂ ಮುಂದೆ ಬರದಿದ್ದರೆ ಕೆಡವಿ ಕಲ್ಲನ್ನು ಕೆರೆಯ ಮೆಟ್ಟಿಲಿಗೆ ಹಾಕುವುದು. ಯಾರೂ ಬಂದಿರಲಿಲ್ಲ. ಒಂದು ಸಂಜೆ ವನಮಾಲ ಕಂಬ ಬಿಟ್ಟು ನನ್ನೆದುರು ಬಂದು ನಿಂತಳು. “ಅಕ್ಕ, ನಂಗೆ ಆ ಮನೆ ಬೇಕು” ಎಂದಳು. ನನಗೆ ಇದು ಬೇಕು ಎಂದು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ತೊಲೆಗೆ ಬೇಕಾದ ಮರ ಗಿರಣಿಯ ಅಟ್ಟದಲ್ಲಿ ಬಿದ್ದಿತ್ತು. ಹಳೆಯ ಹಂಚು ಒಳಗೇ ಪೇರಿಸಿಟ್ಟಿದ್ದರು. ಇಲ್ಲದಿದ್ದುದು ಕೆಲಸದ ಸಾಮಾನು.

ಅಷ್ಟೆತ್ತರಕ್ಕೆ ಏಣಿ ಇದ್ದದ್ದು ಚೌಡಪ್ಪನ ಮನೆಯಲ್ಲಿ ಮಾತ್ರ. ವಯಸ್ಸಿನಲ್ಲಿ ಅರ್ಧ ಊರಿಗೆ ಹಂಚು ಹೊದಿಸಿದವನು ಅವನು. ಈಗ ಮಂಡಿ ನೋವು, ಸಿಟ್ಟು ಮೂಗಿನ ತುದಿಯಲ್ಲಿ, ಆಸ್ತಿ ಎಂದರೆ ಆ ಬಿದಿರೇಣಿ. ನಾನು ಹೋಗಿ ಕೇಳಿದ್ದಕ್ಕೆ “ತಗೊಂಡೋಗಿ, ಸಂಜೆಗೆ ಹೆಂಗೂ ಬರತ್ತೆ” ಎಂದ. ವನಮಾಲಳಿಗೆ ಬಿಡುವಾಗುವುದೇ ಗಿರಣಿಯ ಕೆಲಸ ಮುಗಿದ ಮೇಲೆ. ಅವಳು ಏಣಿ ಹತ್ತಿ ಒಂದು ತೊಲೆ ಕೂರಿಸುವಷ್ಟರಲ್ಲಿ ದೀಪದ ಹೊತ್ತಾಗಿ ಏಣಿ ಕಾಲೆತ್ತಿತು. ಅವಳು ತೊಲೆಗೆ ಜೋತುಬಿದ್ದಳು. ಒಂದು ಲೆಕ್ಕಕ್ಕೆ ಒಳ್ಳೆಯದೇ, ಆ ಹೊತ್ತಿಗೆ ಏನನ್ನಾದರೂ ಹಿಡಿದುಕೊಳ್ಳಬೇಕಿತ್ತಲ್ಲ. ನಾನೂ ನಮ್ಮ ಯಜಮಾನರೂ ಬೂಸಾ ಮೂಟೆಗಳನ್ನು ಎಳೆದು ತಂದು ಕೆಳಗೆ ಹಾಸಿದೆವು. ಅವಳು ಧೊಪ್ಪನೆ ಬಿದ್ದಳು. ಅತ್ತ ಏಣಿ ಚೌಡಪ್ಪನ ಜಗುಲಿ ಸೇರಿತ್ತು, ಅವನು “ಬಂದ್ಯಾ, ಬಾ” ಎಂದು ಹಳೇ ಪಂಚೆಯಿಂದ ಅದರ ಕಾಲು ಒರೆಸುತ್ತಿದ್ದ.

ಬೂಸಾ ಮೂಟೆಯ ಮೇಲೆ ಕೂತೇ ವನಮಾಲ ಹೇಳಿದಳು. “ಅಕ್ಕ, ಹಗಲೆಲ್ಲ ದುಡಿಯೋರಿಗೆ ಬಿಡುವು ಸಿಗೋದು ಸಂಜೆ. ಸಂಜೆಗೆ ಸಾಮಾನು ಇರಲ್ಲ. ಯಾರ ಮನೇಲಿದ್ರೂ ಅದು ತನ್ನ ಮನೇಲೇ ಇದೀನಿ ಅಂದ್ಕೊಳ್ಳೋ ಹಂಗೆ ಮಾಡಕ್ಕಾಗಲ್ವಾ? ಪುಸ್ತಕಕ್ಕೆ ಲೈಬ್ರರಿ ಇರತ್ತಲ್ಲ, ಹಾಗೆ ಸುತ್ತಿಗೆಗೂ ಒಂದು ಇರ್ಲಿ. ಎಲ್ಲಾರ್ದೂ ಅಂತ ಆಗ್ಲಿ.”

ಇವಳ ತಲೆ ಚೆನ್ನಾಗಿ ಓಡುತ್ತದೆ ಎಂದು ನನಗೆ ಅವತ್ತೇ ಅನ್ನಿಸಿತು. ಗಿರಣಿಯ ಪಕ್ಕದ ಶೆಡ್ಡನ್ನು ಬಿಟ್ಟುಕೊಟ್ಟೆ. ರಜಾಕ್ ಸಾಬರು ತುಕ್ಕು ಬಿಡಿಸಿ ಸಾಣೆ ಹಿಡಿಯಲು ಬಂದರು. ಬಿಡುವಿದ್ದವರು ಸರದಿಯ ಮೇಲೆ ಕೂರುವುದು, ಸಂಬಳವಿಲ್ಲ, ಒಂದು ಲೋಟ ಮಜ್ಜಿಗೆ. ಜನ ಸಾಮಾನು ಕೊಡುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಕೊಡುವುದಕ್ಕೇನು, ನಾ ಮುಂದು ತಾ ಮುಂದು ಎಂದು ಬಂದರು! ಶೆಡ್ಡು ತುಂಬಿತು. ಚೌಡಪ್ಪ ಕೂಡ ಏಣಿಗೆ ಚೆಂಡುಹೂವಿನ ಹಾರ ಹಾಕಿಸಿ, ತಾನೂ ಒಂದು ಹಾಕಿಸಿಕೊಂಡು ಮೆರವಣಿಗೆಯಲ್ಲಿ ಬಂದ. ಒಬ್ಬೊಬ್ಬರೂ ತಮ್ಮ ಸಾಮಾನಿನ ಮೇಲೆ ಕೈಯಿಟ್ಟು “ಇನ್ನಿದು ನಮ್ದು!” ಎಂದು ಗಟ್ಟಿಯಾಗಿ ಹೇಳಿದರು. ಚಪ್ಪಾಳೆಯೋ ಚಪ್ಪಾಳೆ.

ದೀಪದ ಹೊತ್ತಾಯಿತು. ಮೊದಲು ಒಂದು ಸ್ಪ್ಯಾನರು ಮೆಲ್ಲಗೆ ಬಾಗಿಲ ಕಡೆ ಜರುಗಿತು. ಆಮೇಲೆ ನೋಡಬೇಕಿತ್ತು ಆ ಗಲಾಟೆಯನ್ನು. ಗುದ್ದಲಿ, ಹಾರೆ, ಉಳಿ, ಇಕ್ಕಳ ಎಲ್ಲ ಒಂದರ ಮೇಲೊಂದು ಬಿದ್ದು ಹೊರಟವು. ಏಣಿ ಹಾರ ಸಮೇತ ಎಲ್ಲರನ್ನೂ ದಾಟಿಕೊಂಡು ಮುಂದೆ ಹೋಯಿತು. ಮನಸಾರೆ ಕೊಟ್ಟೆವೆಂದು ಭಾಷಣ ಮಾಡಿದವರೆಲ್ಲ ತಲೆ ಕೆರೆದುಕೊಂಡು ನಿಂತರು. “ನಾನು ನಿಜವಾಗ್ಲೂ ಕೊಟ್ಟಿದ್ದೆ ಕಣ್ರೀ!” ಎಂದು ಒಬ್ಬರಿಗೊಬ್ಬರು ಆಣೆ ಪ್ರಮಾಣ ಮಾಡಿದ್ದೇ ಮಾಡಿದ್ದು. ವನಮಾಲ ಕಂಬ ತಬ್ಬಿಕೊಂಡೇ ಇದನ್ನೆಲ್ಲ ನೋಡಿದಳು. ನಗು ತಡೆಯಲಾರದೆ ಅವಳ ಮೈ ಕುಲುಕುತ್ತಿತ್ತು, ಕಣ್ಣಲ್ಲಿ ಮಾತ್ರ ನೀರು.

ತೊಂದರೆ ಇದ್ದದ್ದು ಮಾತಿನಲ್ಲಿ. ನಮ್ಮದು ಎಂದರೆ ನಮ್ಮ ಭಾಷೆಯಲ್ಲಿ ನನ್ನದು ಅಂತಲೂ ಹೌದು, ಎಲ್ಲರದು ಅಂತಲೂ ಹೌದು. ಒಬ್ಬಂಟಿಯಾಗಿ ಇರುವವರ ಮನೆಯೂ ನಮ್ಮನೆಯೇ. ನಾನು ನಮ್ಮ ಯಜಮಾನರು ಅನ್ನುತ್ತೇನೆ, ಹಾಗಂತ ಅವರು ಊರಿಗೆಲ್ಲ ಯಜಮಾನರೇ? ಮೈಮೇಲೆ ಬಿದ್ದಾರು ಯಾರಾದರೂ! ನಾವು ನಮ್ದು ಅಂದಾಗ ಪಾಪದ ಸುತ್ತಿಗೆ ಹಳೆಯ ಅರ್ಥವನ್ನೇ ಹಿಡಿದುಕೊಂಡು ಮನೆಗೆ ಹೋಗಿತ್ತು.

ಮಾತು ಬದಲಾಯಿಸಿ ನೋಡಿದೆವು. ಇದು ಊರಿಂದು ಎಂದೆವು. ಸಂಜೆಗೆ ಸಾಮಾನೆಲ್ಲ ಶೆಡ್ಡಿನಿಂದ ಹೊರಬಿದ್ದು ದಿಕ್ಕು ದಿಕ್ಕಿಗೆ ಅಲೆದವು. ಬೆಳಗ್ಗೆ ಗುದ್ದಲಿ ಚರಂಡಿಯಲ್ಲಿ ಸಿಕ್ಕಿತು, ಹಾರೆ ಕೆರೆಯ ಏರಿಯ ಮೇಲೆ, ಸುತ್ತಿಗೆ ಅರಳಿಕಟ್ಟೆಯಲ್ಲಿ. “ಊರಿಂದು ಅಂದ್ರೆ ಯಾರ್ದೂ ಅಲ್ಲ ಅಂತ ಅವಕ್ಕೂ ಗೊತ್ತು ಮಂಗಳಮ್ಮ” ಎಂದರು ರಜಾಕ್ ಸಾಬರು. ಲೈಬ್ರರಿದು ಎಂದೆವು. ಶೆಡ್ಡಿನಲ್ಲಿ ಅಲುಗಾಡದೆ ನಿಂತವು. ಎಲ್ಲರೂ ಕುಣಿದಾಡಿದರು. ಯಾರಿಗಾದರೂ ಕೊಟ್ಟು ಕಳಿಸಿದರೆ ಸಂಜೆಗೆ ಶೆಡ್ಡಿಗೆ ಓಡಿ ಬಂದವು. ಆ ಕಡೆ ಇನ್ನೊಬ್ಬ ತೊಲೆಗೆ ಜೋತುಬಿದ್ದ. ಎಲ್ಲವನ್ನೂ ವನಮಾಲಳದ್ದೇ ಮಾಡಿಬಿಡೋಣ, ಅವಳ ಮನೆಯಾದರೂ ಮುಗಿಯಲಿ ಎಂದೆ ನಾನು. ಅವಳು ಕೈ ಮುಗಿದಳು. “ಬೇಡ ಅಕ್ಕ. ಕೊಟ್ಟೆವು ಅಂತ ನೀವು, ಇಸ್ಕೊಂಡೆ ಅಂತ ನಾನು. ಮತ್ತೆ ಅದೇ ಆಯ್ತಲ್ಲ” ಎಂದಳು. ಕೊನೆಗೆ ಜನ ಮರ್ಯಾದೆಗೆ ಹೆದರಿ, ಬೆಳಗ್ಗೆ ಸಾಮಾನು ತಂದಿಟ್ಟು ನಮ್ದು ಎನ್ನುವುದು, ಸಂಜೆಗೆ ಅದು ಅವರ ಮನೆಗೆ ಹೋಗುವುದು ಹೀಗೇ ನಡೆಯಿತು. ಇಷ್ಟರಲ್ಲಿ ಬಿಸಿಲು ಹಣ್ಣಾಗುತ್ತಿತ್ತು. ಮಾವಿನಕಾಯಿ ಉದುರಿಸುವ ಗಾಳಿ ಶುರುವಾಗಿತ್ತು.

ಗಂಟು ಬಿಚ್ಚಿದ್ದು ರಜಾಕ್ ಸಾಬರ ಮರೆವು. ಒಂದು ಮಧ್ಯಾಹ್ನ ನನ್ನ ಗಿರಣಿಯ ಮೋಟರು ಕೆಟ್ಟಿತು. ಸಾಬರು ಬಂದು ಬಿಚ್ಚಿ ಕೂತರು. ಕಬ್ಬಿಣ ಉಜ್ಜಲು ಒಂದು ಅರ ಬೇಕಾಯಿತು. ಕತ್ತೆತ್ತದೆ ಶೆಡ್ಡಿನ ಕಡೆಗೆ ಕೂಗಿದರು. “ವನಮಾಲಾ, ನಮ್ಮ ಅರ ಸ್ವಲ್ಪ ಕೊಡ್ತೀಯಾಮ್ಮ? ಕೆಲಸ ಮುಗಿಸಿ ತಂದ್ಕೊಡ್ತೀನಿ.”

ಅವಳು ತಂದುಕೊಡುತ್ತಾ ನಕ್ಕಳು. “ಚಾಚಾ, ಇದು ನೀವೇ ಕೊಟ್ಟಿದ್ದಲ್ವಾ? ನಿಮ್ಮದನ್ನ ನನ್ನ ಹತ್ರ ಬೇಡ್ತಿದೀರಲ್ಲ.”

“ಅರೇ, ಹೌದಲ್ಲ!” ಎಂದು ಸಾಬರೂ ನಕ್ಕರು. ಕೆಲಸ ಮುಗಿಸಿ, ಅರವನ್ನು ನನ್ನ ತಕ್ಕಡಿಯ ಪಕ್ಕದಲ್ಲೇ ಮರೆತು ಹೋದರು. ಸಂಜೆ ಸಾಮಾನೆಲ್ಲ ಎಂದಿನಂತೆ ಎದ್ದು ಹೋದವು. ಅರ ಮಲಗಿದ ಕಡೆಯೇ ಮಲಗಿತ್ತು. ನಾನು ಅದನ್ನು ಬಾಗಿಲ ಕಡೆಗೆ ತಳ್ಳಿ ನೋಡಿದೆ. ಊಹೂಂ. ಮಾರನೆಯ ದಿನ ಕುಂಬಾರರ ಮನೆಗೆ ಕೊಟ್ಟು ಕಳಿಸಿದೆವು. ಅಲ್ಲೂ ದೀಪದ ಹೊತ್ತಿಗೆ ತೆಪ್ಪಗೆ ಇತ್ತು. ವನಮಾಲ ಆ ಅರವನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. “ಅಕ್ಕ, ಕೊಟ್ರೆ ಸಾಲದು. ಕೊಟ್ಟಿದ್ದನ್ನ ಇನ್ನೊಬ್ಬರ ಹತ್ರ ಕೇಳಿ ಇಸ್ಕೋಬೇಕು. ಆವಾಗ್ಲೇ ಅದು ಬಿಟ್ಟ ಹಾಗೆ” ಎಂದಳು.

ಕೊಡುವಾಗ ಕೈ ಮೇಲಿರುತ್ತದೆ, ಕೇಳುವಾಗ ಕೆಳಗೆ. ಹಾರ ಹಾಕಿಸಿಕೊಂಡು ಕೊಟ್ಟವರಿಗೆ ಈಗ ತಮ್ಮದೇ ಗುದ್ದಲಿಯನ್ನು ಕೈಚಾಚಿ ಕೇಳಿ ಎಂದಾಗ ಮುಖ ಹುಳ್ಳಗಾಯಿತು. ಆದರೂ ಒಬ್ಬೊಬ್ಬರಾಗಿ ಬಂದರು. ದಿನಸಿ ಅಂಗಡಿಯ ಶೆಟ್ಟರು “ನನ್... ನಮ್... ಅಯ್ಯೋ, ಆ ಗರಗಸ ಕಣಮ್ಮ” ಎಂದು ಬೆವರಿದರು. ನನ್ನ ಸರದಿಯೂ ಬಂತು. ನನ್ನ ಶೆಡ್ಡಿನಲ್ಲಿ ನಿಂತು, ನನ್ನ ಹಾರೆಯನ್ನು, ನನ್ನ ಹತ್ತಿರ ಕೆಲಸಕ್ಕಿರುವವಳನ್ನು ಕೇಳಬೇಕು! ವನಮಾಲ ಮೋಡ ಕಟ್ಟಿದ ಮುಖ ಮಾಡಿಕೊಂಡು “ಏನಕ್ಕೆ ಬೇಕಿತ್ತಮ್ಮ? ಯಾವಾಗ ತಂದ್ಕೊಡ್ತೀರಿ?” ಎಂದು ವಿಚಾರಣೆ ಮಾಡಿದಳು. ಕಳ್ಳಿ, ಒಳಗೊಳಗೇ ನಗುತ್ತಿದ್ದಳು. ಕೇಳಿಬಿಟ್ಟ ಮೇಲೆ ಏನು ಹಗುರ ಅಂತೀರಿ! ಅವತ್ತು ಆ ಹಾರೆಯಲ್ಲಿ ಅಂಗಳ ಅಗೆದು ನುಗ್ಗೆಕೊಂಬೆ ನೆಟ್ಟೆ. ಸಂಜೆಗಳಲ್ಲಿ ಸುಂಕದ ಮನೆಯಲ್ಲಿ ಕೆಲಸ ಬಿರುಸಾಯಿತು. ಸಾಮಾನು ಎಲ್ಲೂ ಹೋಗುತ್ತಿರಲಿಲ್ಲವಾದ್ದರಿಂದ ಲಾಂದ್ರ ಹಚ್ಚಿಕೊಂಡು ನಾವೂ ಕೈಹಾಕಿದೆವು. ಬಾಗಿಲು ನಿಂತಿತು, ತೊಲೆ ಕೂತಿತು, ಅಂಚಿನಿಂದ ಮೇಲಕ್ಕೆ ಹಂಚು ಏರುತ್ತಾ ಹೋಯಿತು. ಉಳಿದದ್ದು ನೆತ್ತಿಯ ಸಾಲು.

ಅಲ್ಲಿಗೆ ಎಟುಕುವುದು ಚೌಡಪ್ಪನ ಏಣಿ ಮಾತ್ರ. ಎರಡು ಗಿಡ್ಡ ಏಣಿ ಕಟ್ಟಿ ನೋಡಿದೆವು, ರಜಾಕ್ ಸಾಬರು ಅರ್ಧಕ್ಕೇ ಅಲ್ಲಾಹ್ ಎನ್ನುತ್ತಾ ಕೆಳಗೆ ಬಂದರು. ಚೌಡಪ್ಪನನ್ನು ಕೇಳಿದರೆ ಅವನದು ಒಂದೇ ಹಟ. “ಏಣಿ ಕೊಟ್ಟಿದೀನಿ, ಇಲ್ಲ ಅಂದಿಲ್ಲ. ಬೇಕಾದ್ರೆ ದಿನಾ ಬೆಳಿಗ್ಗೆ ಬಂದು ಹೊತ್ಕೊಂಡೋಗಿ. ಆದ್ರೆ ನನ್ನ ಏಣಿನ ನಾನೇ ಹೋಗಿ ಕೇಳೋದು ಅಂದ್ರೇನು? ಅಷ್ಟು ಗತಿಗೆಟ್ಟಿಲ್ಲ ಈ ಚೌಡಪ್ಪ” ಎಂದ. ಆ ಮನುಷ್ಯ ಹುಟ್ಟಿದಾಗಿನಿಂದ ಯಾರನ್ನೂ ಏನೂ ಕೇಳಿದವನಲ್ಲ. ಹೆಂಡತಿ ಬದುಕಿದ್ದಾಗ ಅವಳನ್ನು ಎರಡನೇ ಸಲ ಸಾರು ಕೂಡ ಕೇಳುತ್ತಿರಲಿಲ್ಲವಂತೆ.

ಒಂದು ಮಧ್ಯಾಹ್ನ ಪಶ್ಚಿಮದಲ್ಲಿ ಮೋಡ ಹೆಪ್ಪುಗಟ್ಟಿತು. ಬಿಸಿಗಾಳಿ ನಿಂತುಹೋಗಿ ಮಣ್ಣಿನ ವಾಸನೆ ಬಂತು. ಇವತ್ತು ರಾತ್ರಿ ಮಳೆ ತಪ್ಪಿದ್ದಲ್ಲ ಎಂದು ಕಟ್ಟೆಯ ಮೇಲಿನ ಹಿರಿಯರೂ ಹೇಳಿದರು. ಕೆರೆ ಮೆಟ್ಟಿಲ ಕೆಲಸದ ಮೇಸ್ತ್ರಿ ಆಗಲೇ ಸುಂಕದ ಮನೆಯ ಕಲ್ಲನ್ನು ಕಣ್ಣಲ್ಲಿ ಅಳೆಯುತ್ತಾ ನಿಂತಿದ್ದ. ನಾನು ಗಿರಣಿ ನಿಲ್ಲಿಸಿದೆ. ಶೆಡ್ಡಿನಲ್ಲಿದ್ದ ಚೌಡಪ್ಪನ ಏಣಿಯನ್ನು ಎಲ್ಲರೂ ಹೊತ್ತು ತಂದು ನಿಲ್ಲಿಸಿದೆವು. ವನಮಾಲ ಸೆರಗು ಸಿಕ್ಕಿಸಿಕೊಂಡು ನೆತ್ತಿಗೆ ಹತ್ತಿದಳು. ಕೆಳಗಿನಿಂದ ನಮ್ಮ ಯಜಮಾನರು ಹಗ್ಗದಲ್ಲಿ ಹಂಚು ಕಟ್ಟಿ ಕಳಿಸಿದರು. ಸಾಲು ಅರ್ಧ ಮುಗಿದಿತ್ತು. ದೀಪದ ಹೊತ್ತು ಹತ್ತಿರವಾಗುತ್ತಿತ್ತು. ಏಣಿ ಹೊರಟುಹೋದರೆ ಅವಳು ಮಳೆಯಲ್ಲಿ ಸೂರಿನ ಮೇಲೆ, ಮನೆ ಬಾಯಿ ತೆರೆದುಕೊಂಡು ಕೆಳಗೆ.

ಆಗ ಚೌಡಪ್ಪ ಬಂದ. ಮಳೆ ಬರುವ ಹಾಗಿದೆ, ದಾರಿಯಲ್ಲಿ ಏಣಿ ನೆನೆದೀತು ಎಂದು ಕೊಡೆ ಹಿಡಿದುಕೊಂಡು ಕರೆದುಕೊಂಡು ಹೋಗಲು ಬಂದಿದ್ದ. ಕೈ ಹಿಂದಕ್ಕೆ ಕಟ್ಟಿ ನಿಂತು, ಸುಮ್ಮನೆ ಒಮ್ಮೆ ಸೂರಿನ ಕಡೆ ನೋಡಿದ. ನೋಡಿದವನೇ ಕೊಡೆ ಬಿಸಾಡಿದ.

“ಅಯ್ಯಯ್ಯೋ! ಏನಮ್ಮ ಮಾಡ್ತಿದೀಯ ಅಲ್ಲಿ? ಹಂಚಿನ ಬಾಯಿ ಮಳೆ ಬರೋ ಕಡೆಗೆ ಕೊಟ್ಟಿದೀಯಲ್ಲ! ಒಂದು ಗಾಳಿಗೆ ನೀರೆಲ್ಲ ಒಳಗೆ! ತಿರುಗ್ಸು, ತಿರುಗ್ಸು!”

“ಯಾವ ಕಡೆಗೆ ತಿರುಗಿಸ್ಲಿ?” ಎಂದು ಅವಳು ಮೇಲಿನಿಂದ ಕೂಗಿದಳು.

“ಆ ಕಡೆ ಅಲ್ಲ! ಅಯ್ಯೋ ಶಿವನೇ, ಕೈಯಲ್ಲಿ ತೋರಿಸ್ಬೇಕು ಇದನ್ನ” ಎಂದು ಚೌಡಪ್ಪ ಪಂಚೆ ಎತ್ತಿ ಕಟ್ಟಿ ಏಣಿಯ ಹತ್ತಿರ ಓಡಿದ. ಮಂಡಿ ನೋವು ಎಲ್ಲಿ ಹೋಗಿತ್ತೋ! ನಾನು ಅಡ್ಡ ನಿಂತೆ. ದಪ್ಪಗಿರುವುದಕ್ಕೂ ಒಂದು ಉಪಯೋಗ ಇರುತ್ತದೆ.

“ಚೌಡಪ್ಪಣ್ಣ, ಇದು ಲೈಬ್ರರಿ ಏಣಿ. ಕೇಳಿ ಹತ್ತಬೇಕು.”

“ಮಂಗಳಾ, ತಮಾಷೆ ಸಾಕು. ಬಿಡು ದಾರಿ.”

“ಕೇಳಿದ್ರೆ ಬಿಡ್ತೀನಿ.”

ಅಷ್ಟರಲ್ಲಿ ಯಾರೋ ದೂರದ ಮನೆಯಲ್ಲಿ ದೀಪ ಹಚ್ಚಿದರು. ಬೀದಿಯಲ್ಲಿ ಒಂದು ಕುರ್ಚಿ ಟಕಟಕ ನಡೆಯಿತು. ಏಣಿ ನಡುಗಿತು. ಅದರ ಬಲಗಾಲು ನೆಲ ಬಿಟ್ಟು ಮೇಲೆದ್ದಿತು. ಮೊದಲ ಹನಿ ಚೌಡಪ್ಪನ ಬೋಳುತಲೆಯ ಮೇಲೆ ಟಪ್ಪೆಂದು ಬಿತ್ತು. ಅವನು ಏಣಿಯನ್ನು ನೋಡಿದ, ಉಲ್ಟಾ ಕೂತ ಹಂಚನ್ನು ನೋಡಿದ, ಮುಖವೆಲ್ಲ ಕೆಂಪಗಾಯಿತು. ಉಲ್ಟಾ ಹಂಚನ್ನು ಸಹಿಸುವುದು ಅವನಿಂದ ಆಗದ ಕೆಲಸ. ಕತ್ತೆತ್ತಿ, ಸೂರಿನ ಮೇಲಿದ್ದವಳಿಗೆ ಎರಡೂ ಕೈ ಚಾಚಿ ಕಿರುಚಿದ. “ಅಮ್ಮಾ ತಾಯೀ, ವನಮಾಲಮ್ಮಾ! ನಮ್ಮ ಏಣಿ ಒಂದು ಗಳಿಗೆ ಕೊಡಮ್ಮಾ! ಬೆಳಿಗ್ಗೆ ತಂದ್ಕೊಡ್ತೀನಿ!”

ಏಣಿ ಎತ್ತಿದ ಕಾಲನ್ನು ಇಳಿಸಿತು.

“ತಗೊಳ್ಳಿ ಚೌಡಪ್ಪಣ್ಣ! ಏನಕ್ಕೆ ಬೇಕಿತ್ತು?” ಎಂದಳು ಆ ಪುಣ್ಯಾತ್ಗಿತ್ತಿ ಮೇಲಿನಿಂದ. ಮಳೆ ಬರುತ್ತಿದೆ ಎಂಬುದನ್ನೂ ಮರೆತು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಸ್ತ್ರಿ ಕೂಡ ನಕ್ಕ. ಚೌಡಪ್ಪ ಬೈಯುತ್ತಲೇ ಏಣಿ ಹತ್ತಿದ, ಬೈಯುತ್ತಲೇ ಹಂಚು ತಿರುಗಿಸಿದ, ಒಂದೊಂದು ಹಂಚಿಗೂ ವನಮಾಲಳ ಕೈಗೆ ಒಂದೊಂದು ಏಟು ಹಾಕಿ ಕಲಿಸಿಕೊಟ್ಟ. ಹನಿ ದಪ್ಪಗಾಗುವಷ್ಟರಲ್ಲಿ ಕೊನೆಯ ಹಂಚು ಕೂತಿತು. ಮಳೆ ಸುರಿಯಿತು ನೋಡಿ, ಕೊಡ ಕವುಚಿದ ಹಾಗೆ. ಒಳಗೆ ಹೋಗಿ ಲಾಂದ್ರ ಎತ್ತಿ ಹಿಡಿದೆವು. ಮೂಲೆಯಲ್ಲಿ ಒಂದೇ ಒಂದು ಕಡೆ ತೊಟ್ಟಿಕ್ಕುತ್ತಿತ್ತು. “ಅದು ನಾನು ಬರೋಕ್ಮುಂಚೆ ಇಟ್ಟಿದ್ದು” ಎಂದ ಚೌಡಪ್ಪ.

ವನಮಾಲ ಒದ್ದೆ ಸೆರಗು ಹಿಂಡುತ್ತಾ ನಿಂತಿದ್ದಳು. ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದಳು. “ಅಕ್ಕ, ದೀಪದ ಹೊತ್ತು ದಾಟ್ತಾ?”

“ಯಾವಾಗ್ಲೋ ದಾಟ್ತು ಕಣೇ.”

“ನಾನು ಏನನ್ನೂ ಹಿಡ್ಕೊಂಡಿರ್ಲಿಲ್ಲ ಅಕ್ಕ. ಎರಡೂ ಕೈಲೂ ಹಂಚಿತ್ತು.”

ನನಗೆ ಅಳು ಬಂತು. ಗಟ್ಟಿಯಾಗಿಯೇ ಅತ್ತೆ. ಮಳೆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ!

ಮಳೆ ಸ್ವಲ್ಪ ನಿಂತಾಗ ಚೌಡಪ್ಪ ಕೊಡೆ ಹುಡುಕಿಕೊಂಡು ಮನೆಗೆ ಹೊರಟ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಏಣಿಯ ಕಡೆ ನೋಡಿ “ಬಾ” ಎಂದ. ಏಣಿ ಗೋಡೆಗೆ ಒರಗಿಯೇ ಇತ್ತು. “ಬಾರೋ” ಎಂದ. ಊಹೂಂ. “ನೀವು ಇಸ್ಕೊಂಡಿದೀರಿ ಚೌಡಪ್ಪಣ್ಣ, ನೀವೇ ಹೊತ್ಕೊಂಡು ಹೋಗ್ಬೇಕು” ಎಂದರು ರಜಾಕ್ ಸಾಬರು. ಅವನು ಗೊಣಗುತ್ತಾ ಏಣಿಯನ್ನು ಹೆಗಲಿಗೆ ಏರಿಸಿಕೊಂಡು ಒಂದು ಕ್ಷಣ ಓಲಾಡಿದ. “ಅಬ್ಬಾ! ಇಷ್ಟೊಂದು ಭಾರವಾ ಇದು?” ಎಂದ. ಅವನ ಮನೆಯವರೆಗೂ ನಾವು ಹಿಂದೊಂದು ಕೈ ಮುಂದೊಂದು ಕೈ ಹಾಕಿದೆವು. ಹೇಳಿದ ಮಾತಿನಂತೆ ಬೆಳಗ್ಗೆ ಏದುಸಿರು ಬಿಡುತ್ತಾ ಅದನ್ನು ತಂದು ಶೆಡ್ಡಿನಲ್ಲಿ ಇಟ್ಟು, ಮಜ್ಜಿಗೆ ಕೇಳಿದ. ಹೌದು, ಅವನೇ ಬಾಯಿಬಿಟ್ಟು ಕೇಳಿದ. ಎರಡನೇ ಲೋಟವನ್ನೂ ಕೇಳಿದ.

ಈಗ ನಮ್ಮೂರು ಬೇರೆ ಊರುಗಳ ಹಾಗೆಯೇ ಕೆಟ್ಟುಹೋಗಿದೆ ಅನ್ನಿ. ಸಾಮಾನು ತಾನಾಗಿ ಬರುವುದಿಲ್ಲ, ಹೊತ್ತುಕೊಂಡೇ ಬರಬೇಕು. ಶೆಟ್ಟರು ಒಯ್ದ ಡ್ರಿಲ್ಲು ಯುಗಾದಿಯಿಂದ ಅವರ ಅಟ್ಟದಲ್ಲೇ ಇದೆ, ಕೇಳಿದರೆ ನಾಳೆ ಅನ್ನುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಾವೂ ಈಗ ಗಾದೆಯನ್ನು ಸರಿಯಾಗಿಯೇ ಹೇಳುತ್ತೇವೆ. ಬೈದುಕೊಂಡು ಹೋಗಿ ಅವರ ಮನೆಯಿಂದ ಸಾಮಾನು ತರುತ್ತೇವೆ, ಹೋದವರು ಕಾಫಿ ಕುಡಿಯದೆ ಬರುವುದಿಲ್ಲ. ಹೆಣ್ಣು ನೋಡಲು ಬರುವವರಿಗಂತೂ ಬಹಳ ತೊಂದರೆಯಾಗಿದೆ. ಕುರ್ಚಿ, ತಟ್ಟೆ, ಗಡಿಯಾರಗಳನ್ನೂ ಜನ ಲೈಬ್ರರಿಗೆ ತಂದು ಕೊಡುತ್ತಿದ್ದಾರೆ. ದೀಪದ ಹೊತ್ತು ದಾಟಿದರೂ ಯಾವ ಕುರ್ಚಿಯೂ ಏಳದೆ, ಬಂದವರೇ ಎದ್ದು ಹೋಗಬೇಕಾಗುತ್ತದೆ.

ಲೈಬ್ರರಿಗೆ ಇನ್ನೂ ಸೇರದ ಒಂದಷ್ಟು ಸಾಮಾನು ಈಗಲೂ ಸಂಜೆ ನಮ್ಮ ಬೀದಿಯಲ್ಲಿ ಮನೆಗೆ ಹೋಗುತ್ತವೆ. ಯಾರದೋ ಕೊಡೆ, ಯಾರದೋ ಮಣೆ. ಆ ಹೊತ್ತಿಗೆ ಸರಿಯಾಗಿ ವನಮಾಲ ಶೆಡ್ಡಿನ ಬಾಗಿಲು ಎಳೆದು, ಸೆರಗಿನ ಹಿಟ್ಟು ಕೊಡವಿಕೊಂಡು ಏಳುತ್ತಾಳೆ. ಕಂಬದ ಕಡೆ ತಿರುಗಿಯೂ ನೋಡುವುದಿಲ್ಲ.

“ಹೊತ್ತಾಯ್ತು, ಬರ್ತೀನಿ ಅಕ್ಕ” ಎನ್ನುತ್ತಾಳೆ.

“ಎಲ್ಲಿಗೆ ಹೊರಟ್ಯೇ?” ಎನ್ನುತ್ತೇನೆ. ನನಗೆ ಗೊತ್ತು, ಆದರೂ ದಿನಾ ಕೇಳುತ್ತೇನೆ.

ಕೊಡೆಗೂ ಮಣೆಗೂ ದಾರಿ ಬಿಟ್ಟು, ಅವುಗಳ ಜೊತೆಗೇ ಬೀದಿಗಿಳಿದು, ಅವಳು ಕತ್ತು ತಿರುಗಿಸಿ ಹೇಳುತ್ತಾಳೆ.

“ನಮ್ಮನೆಗೆ.”